ಮಣ್ಣು ಮೆತ್ತಿದ ಬಾಗಿಲು

ಆ ರಾತ್ರಿ ಬೀಗದಣ್ಣ ಗೋದಾಮಿನಿಂದ ಮನೆಗೆ ಹೊರಟಾಗ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಗಡಿಗಳು ಬಾಗಿಲು ಹಾಕಿ ಬಹಳ ಹೊತ್ತಾಗಿತ್ತು. ಹಳೇ ಬಾವಿಯ ಹತ್ತಿರದ ಬೀದಿದೀಪ ಒಮ್ಮೆ ಉರಿಯುತ್ತ ಒಮ್ಮೆ ಆರುತ್ತ ಇತ್ತು. ಬಾವಿ ದಾಟಿದರೆ ಆಲದ ಮರ, ಮರ ದಾಟಿದರೆ ಅವನ ಮನೆಯ ಓಣಿ. ಎಷ್ಟು ತೊಳೆದರೂ ಕೈಯಿಂದ ಹಸಿ ಮಣ್ಣಿನ ವಾಸನೆ ಹೋಗಿರಲಿಲ್ಲ. ತಲೆ ತಗ್ಗಿಸಿಕೊಂಡು ಬಿರಬಿರನೆ ನಡೆಯುತ್ತಿದ್ದ.

ಬಾವಿಯ ಕಟ್ಟೆ ದಾಟಿದ್ದೇ ತಡ, ಹಿಂದಿನಿಂದ ಸದ್ದು ಬಂತು.

ಟಕ್... ಟಕ್... ಟಕ್... ಸರ್ರ್.

ಕಲ್ಲುಹಾಸಿನ ಮೇಲೆ ಉಗುರು ತಾಗುವ ಸದ್ದು. ಮೂರು ಹೆಜ್ಜೆ ನೆಟ್ಟಗೆ, ನಾಲ್ಕನೆಯದು ಎಳೆದ ಹಾಗೆ.

ಬೀಗದಣ್ಣ ನಿಂತುಬಿಟ್ಟ. ಮೊದಲು ಆದದ್ದು ಭಯವಲ್ಲ, ಬೆರಗು. ಯಾಕೆಂದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಇದು ಕಟ್ಟುಕತೆಯಲ್ಲ. ಬೀಗದಣ್ಣ ನನ್ನ ಚಿಕ್ಕಮ್ಮನ ಮಗ. ಅವನು ಹೇಳಿದ್ದು, ಅವನ ಹೆಂಡತಿ ಹೇಳಿದ್ದು, ಗೋದಾಮಿನ ಹಮಾಲಿ ಉದ್ದಣ್ಣ ಹೇಳಿದ್ದು, ಮೂವರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿ ಬರೆದಿಟ್ಟುಕೊಂಡಿದ್ದೇನೆ. ಒಂದಕ್ಕೊಂದು ಹೊಂದದ ಮಾತು ಯಾವುದನ್ನೂ ಇಲ್ಲಿ ಸೇರಿಸಿಲ್ಲ.

ಧಾನ್ಯದ ದೊಡ್ಡ ಗೋದಾಮು ಅದು. ಬೀಗ, ಕಾವಲು, ಮೂಟೆಗಳ ಒಳಹೊರಗು, ಎಲ್ಲ ಅವನ ಜವಾಬ್ದಾರಿ. ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ತೂಗುಹಾಕಿಕೊಂಡೇ ಓಡಾಡುತ್ತಿದ್ದುದರಿಂದ ಹಮಾಲಿಗಳು ಬೀಗದಣ್ಣ ಎಂದು ಕರೆದರು. ಕೊನೆಗೆ ಹೆತ್ತ ತಾಯಿಯೂ ಹಾಗೇ ಕರೆಯತೊಡಗಿದಳು.

ಗೋದಾಮಿಗೆ ಬರುವ ಮೊದಲು ಅವನು ಹಿಟ್ಟಿನ ಗಿರಣಿಯಲ್ಲಿದ್ದ. ಹಗಲು ರಾತ್ರಿ ಯಂತ್ರದ ಪಕ್ಕದಲ್ಲೇ ನಿಂತು ನಿಂತು ಕಿವಿ ಹೋಯಿತು. ಒಂದೇ ಸಲಕ್ಕೆ ಹೋದದ್ದಲ್ಲ. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಫೋನಿನ ಗಂಟೆ, ಆಮೇಲೆ ಹೆಂಡತಿಯ ಗೊಣಗಾಟ. ಅದೊಂದು ಉಪಕಾರವೇ ಆಯಿತು ಎಂದು ಅವಳ ಎದುರೇ ನಗುತ್ತಿದ್ದ. ಬೈದದ್ದು ಮಾತ್ರ ಇವರಿಗೆ ಹೇಗೋ ತಿಳಿದುಬಿಡುತ್ತದೆ ಎಂದು ಅವಳೂ ಬಿಡುತ್ತಿರಲಿಲ್ಲ. ಕಡೆಗೆ ಕಿವಿಯೊಳಗೆ ಉಳಿದದ್ದು ಒಂದೇ, ಗುಂಯ್ ಎನ್ನುವ ನಾದ. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತುಕೊಂಡ.

ಈ ವಿಷಯ ಮನೆಯವರಿಗಷ್ಟೇ ಗೊತ್ತು. ಧಣಿಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಗೋದಾಮಿನವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ಯಾಕೆ ಎಂದು ಹೇಳುತ್ತೇನೆ.

ಧಾನ್ಯಕ್ಕೆ ಹುಳ ಬೀಳಬಾರದೆಂದು ವರ್ಷಕ್ಕೆರಡು ಸಲ ಗೋದಾಮಿಗೆ ಮದ್ದಿಡುತ್ತಾರೆ. ಮೂಟೆಗಳ ನಡುವೆ ಮಾತ್ರೆಗಳನ್ನಿಟ್ಟು, ಬಾಗಿಲು ಕಿಟಕಿಗಳ ಸಂದಿಗೆಲ್ಲ ಕಲಸಿದ ಮಣ್ಣು ಮೆತ್ತಿ, ಒಂದು ವಾರ ಮುಚ್ಚಿಬಿಡುತ್ತಾರೆ. ಮಾತ್ರೆ ಮೆಲ್ಲಗೆ ಕರಗಿ ವಿಷದ ಗಾಳಿಯಾಗುತ್ತದೆ. ಹುಳವೂ ಉಳಿಯುವುದಿಲ್ಲ, ಇಲಿಯೂ ಉಳಿಯುವುದಿಲ್ಲ. ಆದ್ದರಿಂದ ಹಮಾಲಿಗಳನ್ನೆಲ್ಲ ಕಳಿಸಿದ ಮೇಲೆ ಗೋದಾಮಿನವನು ಒಳಗಿನ ಮೂಲೆಮೂಲೆಗೂ ಹೋಗಿ ನೋಡಬೇಕು. ಆಮೇಲೆ ಬಾಗಿಲಲ್ಲಿ ನಿಂತು, ಒಳಗೆ ಯಾರಾದರೂ ಇದ್ದೀರಾ ಎಂದು ಕೂಗಬೇಕು. ಕೂಗಿದ ಮೇಲೆ ಸುಮ್ಮನೆ ನಿಂತು ಕಿವಿಗೊಡಬೇಕು. ಕಿವಿಗೊಡುವುದೇ ಆ ಕೆಲಸದ ಜೀವ.

ಬೀಗದಣ್ಣ ಕಿವಿಗೊಟ್ಟವನಂತೆ ನಿಲ್ಲುತ್ತಿದ್ದ. ನಿಜವಾಗಿ ಕೇಳಿಸಿಕೊಳ್ಳುತ್ತಿದ್ದದ್ದು ತೌಡು.

ತೌಡು ಅವನ ನಾಯಿ. ಮೈಬಣ್ಣ ತೌಡಿನದೇ, ಹೆಸರೂ ಅದೇ ಆಯಿತು. ಮರಿಯಾಗಿದ್ದಾಗ ಕೈಗಾಡಿಯ ಚಕ್ರ ಅದರ ಹಿಂಗಾಲಿನ ಮೇಲೆ ಹತ್ತಿತ್ತು. ಬೀಗದಣ್ಣ ಎತ್ತಿಕೊಂಡು ಬಂದು ಗೋದಾಮಿನ ಹಿಂದಿನ ಮೂಲೆಯಲ್ಲಿ ಹರಕು ಚೀಲ ಹಾಸಿ ಮಲಗಿಸಿದ. ಕಾಲು ಕೂಡಿತು, ಆದರೆ ಎಳೆತ ಉಳಿಯಿತು. ಆ ಮೂಲೆಯ ಚೀಲಗಳೂ ಅದರವೇ ಆಗಿ ಉಳಿದವು.

ಯಜಮಾನನಿಗೆ ಕಿವಿ ಕೇಳಿಸುವುದಿಲ್ಲ ಎಂಬುದನ್ನು ಅದು ತಾನೇ ಕಂಡುಕೊಂಡಿತು, ಯಾರೂ ಕಲಿಸಲಿಲ್ಲ. ಯಾರಾದರೂ ಕರೆದರೆ ಬಂದು ಒದ್ದೆ ಮೂತಿಯನ್ನು ಅವನ ಮೊಣಕಾಲಿನ ಹಿಂದೆ ಒತ್ತುತ್ತಿತ್ತು. ಅವನು ತಿರುಗಿ, "ಬಂದೆ ಧಣಿ" ಎನ್ನುತ್ತಿದ್ದ. ಹೆಸರು ಬಾಯಿಗೆ ಬರುವ ಮೊದಲೇ ತಿರುಗುತ್ತಾನೆ, ಎಂಥ ಚುರುಕು ಕಿವಿ ಎಂದು ಧಣಿ ಬಂದವರ ಮುಂದೆಲ್ಲ ಹೊಗಳುತ್ತಿದ್ದರು. ಅವನು ತಲೆ ತಗ್ಗಿಸಿ ಹೊಗಳಿಕೆಯನ್ನು ತೆಗೆದುಕೊಳ್ಳುತ್ತಿದ್ದ. ಆಗ ನಾಯಿ ಅವನ ಮುಖವನ್ನೇ ನೋಡುತ್ತಿತ್ತು.

"ಆ ನಾಯಿ ಇಲ್ಲದಿದ್ರೆ ನೀವು ಅರ್ಧ ಮನುಷ್ಯ" ಎಂದು ಹೆಂಡತಿ ಒಮ್ಮೆ ಅಂದಳು.

"ಇದ್ರೆ?"

"ಮುಕ್ಕಾಲು."

ಅದಕ್ಕೆ ಮೊದಲ ತುತ್ತು ಹಾಕದೆ ಅವಳು ತಾನು ಉಣ್ಣುತ್ತಿರಲಿಲ್ಲ. ಇವನಿಗೆ ಕೆಲಸ ತಡವಾದ ದಿನ ನಾಯಿ ಕತ್ತಲಾಗುವ ಮೊದಲೇ ತಾನೊಂದೇ ಮನೆಗೆ ಹೋಗಿ ಅವಳ ಹತ್ತಿರ ಉಂಡು ಬರುವ ರೂಢಿಯಿತ್ತು.

ಆ ರೂಢಿಯೇ ಮುಳುವಾಯಿತು. ಹಿಂದಿನ ಸಲ ಮದ್ದಿಟ್ಟ ಸಂಜೆ ಬಾಗಿಲ ಹತ್ತಿರ ತೌಡು ಕಾಣಲಿಲ್ಲ. ಮೂಲೆಗಳನ್ನು ನೋಡಿ ಬಂದಾಗಲೂ ಕಂಡಿರಲಿಲ್ಲ, ಯಾವ ಮೂಟೆಯ ಸಂದಿಯಲ್ಲಿ ಇಲಿ ಅಟ್ಟುತ್ತಿತ್ತೋ. ಮನೆಗೆ ಹೋಗಿರಬೇಕು ಎಂದುಕೊಂಡ. ಕೂಗಿದ, ಕಿವಿಗೊಟ್ಟವನಂತೆ ನಿಂತ. ಹಮಾಲಿಗಳಲ್ಲಿ ಒಬ್ಬನನ್ನು ಉಳಿಸಿಕೊಂಡು, ನಿಂತು ಕೇಳಪ್ಪ ಎಂದಿದ್ದರೆ ಸಾಕಿತ್ತು. ಹಾಗೆ ಅಂದಿದ್ದರೆ ಗುಟ್ಟು ಬಯಲಾಗುತ್ತಿತ್ತು. ಬಾಗಿಲೆಳೆದು ಬೀಗ ಹಾಕಿ, ಮಂಡಿಯೂರಿ ಕೂತು ಕೆಳಗಿನ ಸಂದಿಗೆ ಮಣ್ಣು ಮೆತ್ತತೊಡಗಿದ. ಅಂಗೈಗೆ ಹಲಗೆ ನಡುಗಿದ್ದು ತಿಳಿಯಿತು. ಸಣ್ಣಗೆ... ನಿಲ್ಲಿಸಿ ನಿಲ್ಲಿಸಿ. ರಸ್ತೆಯಲ್ಲಿ ಲಾರಿ ಹೋಗುತ್ತಿರಬೇಕು ಎಂದುಕೊಂಡು ಮಣ್ಣನ್ನು ಇನ್ನಷ್ಟು ಒತ್ತಿದ.

ಮನೆಯಲ್ಲಿ ನಾಯಿ ಇರಲಿಲ್ಲ. ಎಲ್ಲೋ ಅಲೆಯೋಕೆ ಹೋಗಿದೆ, ಬರುತ್ತೆ ಬಿಡು ಎಂದು ಹೆಂಡತಿಗೆ ಹೇಳಿ ಮಲಗಿದ. ನಡುರಾತ್ರಿ ಹಲಗೆಯ ನಡುಕ ನೆನಪಾಯಿತು. ದಡಕ್ಕನೆ ಎದ್ದು ಕೂತ. ಲಾರಿ ಹೋದರೆ ನೆಲ ನಡುಗಬೇಕು. ನೆಲ ನಡುಗಿರಲಿಲ್ಲ.

ಆಗ ಎದ್ದು ಓಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೆತ್ತಿದ ಮಣ್ಣು ಒಡೆದರೆ ಮದ್ದೆಲ್ಲ ವ್ಯರ್ಥ, ಯಾಕೆ ಒಡೆದೆ ಎಂದು ಧಣಿ ಕೇಳುತ್ತಾರೆ, ಮುಚ್ಚುವಾಗ ನಾಯಿ ಬೊಗಳಲಿಲ್ಲವಾ ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳುವುದು... ಅವನು ಹಾಗೇ ಸ್ವಲ್ಪ ಹೊತ್ತು ಕೂತಿದ್ದು, ಹೊದಿಕೆ ಎಳೆದುಕೊಂಡು ಮಲಗಿಬಿಟ್ಟ.

ವಾರದ ಮೇಲೆ ಬಾಗಿಲು ತೆಗೆದಾಗ ತೌಡು ಬಾಗಿಲಿಗೆ ಮೂತಿಯಾನಿಸಿಕೊಂಡೇ ಬಿದ್ದಿತ್ತು. ಹಮಾಲಿಗಳು ಬರುವ ಮೊದಲೇ ಅದನ್ನು ಚೀಲದಲ್ಲಿ ಸುತ್ತಿ ಹಿತ್ತಲ ಗೋಡೆಯ ಆಚೆ ಮಣ್ಣು ಮಾಡಿದ. ಎಲ್ಲರಿಗೂ ನಾಯಿ ಓಡಿಹೋಯಿತು ಎಂದ. ಹೆಂಡತಿಗೂ ಅದನ್ನೇ ಹೇಳಿದ. ಅವಳು ಬೀದಿಬೀದಿ ಹುಡುಕಿದಳು. ಆಮೇಲೂ ಸಂಜೆಯಾದರೆ ಮೆಟ್ಟಿಲ ಮೇಲೆ ನಿಂತು ಕರೆಯುತ್ತಿದ್ದಳು. ಅವನಿಗೆ ದನಿ ಕೇಳಿಸುತ್ತಿರಲಿಲ್ಲ, ತುಟಿ ಕಾಣಿಸುತ್ತಿತ್ತು. ತೌ... ಡೂ... ಅವನು ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದ.

ಈಗ ಮತ್ತೆ ಆ ಬಾವಿಯ ಹತ್ತಿರ ಬನ್ನಿ.

ಅವತ್ತು ಸಂಜೆ, ನಾಯಿ ಸತ್ತ ಮೇಲೆ ಮೊದಲ ಸಲ ಮದ್ದಿಟ್ಟು ಬಂದಿದ್ದ. ಮಣ್ಣು ಮೆತ್ತುವಾಗ ಅಂಗೈಯನ್ನು ಹಲಗೆಯ ಮೇಲೆ ಬಹಳ ಹೊತ್ತು ಇಟ್ಟು ನೋಡಿದ್ದ. ಏನೂ ನಡುಗಲಿಲ್ಲ. ಇನ್ನೇನು ಮನೆ ಸೇರಬೇಕು ಎನ್ನುವಾಗ ಈ ಸದ್ದು.

ಟಕ್... ಟಕ್... ಟಕ್... ಸರ್ರ್.

ಅವನು ಹೆಜ್ಜೆ ಹಾಕಿದರೆ ಅದೂ ಹೆಜ್ಜೆ ಹಾಕಿತು. ನಿಂತರೆ ನಿಂತಿತು. ಸುತ್ತಲಿನ ಲೋಕವೆಲ್ಲ ಹತ್ತಿ ತುರುಕಿದ ಹಾಗೆ ಮೌನ, ಎಂದಿನ ಗುಂಯ್ ಕೂಡ ಇಲ್ಲ. ಇದೊಂದೇ ಸದ್ದು, ಬೆನ್ನ ಹಿಂದೆಯೇ. ತಿರುಗಿ ನೋಡುವ ಧೈರ್ಯ ಬರಲಿಲ್ಲ. ತೌಡು ಲೆಕ್ಕ ತೀರಿಸಲು ಬಂದಿದೆ ಎಂದು ಅವನಿಗೆ ಖಾತ್ರಿಯಾಗಿತ್ತು.

"ತಪ್ಪಾಯ್ತು ಕಣೋ" ಎಂದು ಪಿಸುಗುಟ್ಟಿದ. "ನನ್ನನ್ನ ಏನು ಬೇಕಾದ್ರೂ ಮಾಡು."

ಅದು ಏನೂ ಮಾಡಲಿಲ್ಲ. ಹತ್ತಿರ ಬಂತು. ಮೂಸುವ ಸದ್ದು ಕೇಳಿಸಿತು, ಹುಸ್... ಹುಸ್... ಆಮೇಲೆ ತಣ್ಣನೆಯ ಒದ್ದೆ ಮೂತಿಯೊಂದು ಅವನ ಮೊಣಕಾಲಿನ ಹಿಂದೆ ಒತ್ತಿತು.

ಬೀಗದಣ್ಣ ಸರಕ್ಕನೆ ತಿರುಗಿದ. ಯಾರೂ ಇಲ್ಲ. ಬಾವಿಯ ದೀಪ ಉರಿಯಿತು, ಆರಿತು. ಮೊಣಕಾಲಿನ ಹಿಂದೆ ಪ್ಯಾಂಟು ಒದ್ದೆಯಾಗಿತ್ತು. ಕೈಯಲ್ಲಿ ಮುಟ್ಟಿ ನೋಡಿಕೊಂಡ.

ಆ ಮುಟ್ಟುವಿಕೆಗೆ ಅವರಿಬ್ಬರ ನಡುವೆ ಇದ್ದದ್ದು ಒಂದೇ ಅರ್ಥ. ಯಾರೋ ಕರೆಯುತ್ತಿದ್ದಾರೆ, ನಿನಗೆ ಕೇಳಿಸುತ್ತಿಲ್ಲ.

ಯಾರು? ದಾರಿಯಲ್ಲಿ ಯಾರೂ ಇಲ್ಲ. ಮತ್ತೆ ಮೂತಿ ಒತ್ತಿತು, ಈ ಸಲ ಜೋರಾಗಿ, ಗೋದಾಮಿನ ದಿಕ್ಕಿಗೆ ತಳ್ಳುವ ಹಾಗೆ. ಆಗ ಅವನಿಗೆ ಹಿಂದಿನ ಮೂಲೆ ನೆನಪಾಯಿತು. ತೌಡಿನ ಚೀಲಗಳಿದ್ದ ಮೂಲೆ. ನಾಯಿ ಸತ್ತ ಮೇಲೆ ಅವನಿಗೆ ಆ ಕಡೆ ಕಾಲಿಡಲು ಆಗುತ್ತಿರಲಿಲ್ಲ. ಅವತ್ತು ಸಂಜೆಯೂ ಮೂರು ಮೂಲೆ ನೋಡಿ ಬಂದಿದ್ದ. ನಾಲ್ಕನೆಯದನ್ನು ನೋಡಿರಲಿಲ್ಲ.

ಓಡಿದ. ಸೊಂಟದ ಗೊಂಚಲು ಝಣಝಣ ಎನ್ನುತ್ತಿರಬೇಕು, ಅದು ಅವನಿಗೆ ಕೇಳಿಸಲಿಲ್ಲ. ಪಕ್ಕದಲ್ಲಿ ಓಡುವ ಉಗುರುಗಳ ಸದ್ದು ಮಾತ್ರ ಕೇಳಿಸಿತು, ಟಕಟಕ ಸರ್, ಟಕಟಕ ಸರ್.

ಬಾಗಿಲ ಮುಂದೆ ಬಂದು ನಿಂತ. ಹಲಗೆಗೆ ಅಂಗೈ ಆನಿಸಿದ. ನಡುಕವಿಲ್ಲ. ಮಣ್ಣು ಇನ್ನೂ ಹಸಿಯಾಗಿತ್ತು. ಒಡೆದು ನೋಡಿ ಒಳಗೆ ಯಾರೂ ಇಲ್ಲದಿದ್ದರೆ? ನಾಳೆ ಧಣಿ ಎದುರು ಏನು ಹೇಳುವುದು? ಸತ್ತ ನಾಯಿ ಮೂತಿ ಒತ್ತಿತು ಎಂದೇ? ಅದೇ ಲೆಕ್ಕಾಚಾರ, ಅದೇ ಮನುಷ್ಯ. ಒಮ್ಮೆ ಇದೇ ಲೆಕ್ಕ ಹಾಕಿ ಹೊದಿಕೆ ಎಳೆದುಕೊಂಡಿದ್ದ. ನನಗೆ ಇದನ್ನು ಹೇಳುವಾಗ ಅವನು ಈ ಜಾಗದಲ್ಲಿ ನನ್ನ ಪೆನ್ನು ಹಿಡಿದು ನಿಲ್ಲಿಸಿದ. "ಅಕ್ಕಾ, ಆಗಲೂ ನಾನು ನಿಂತೇ ಇದ್ದೆ. ತಕ್ಷಣ ಒಡೆದೆ ಅಂತ ಬರ್ಕೋಬೇಡ" ಎಂದ. ಅದಕ್ಕೇ ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ನಿಂತಿದ್ದ.

ಉಗುರಿನ ಸದ್ದು ನಿಂತಿತ್ತು. ಅದೂ ಕಾಯುತ್ತಿತ್ತು.

ಬೀಗದಣ್ಣ ಎರಡೂ ಕೈಯಲ್ಲಿ ಮಣ್ಣು ಕಿತ್ತು ಬೀಗ ತೆಗೆದ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮುಖಕ್ಕೆ ಹೊಡೆಯಿತು. ಉಸಿರು ಬಿಗಿಹಿಡಿದು, ಟಾರ್ಚ್ ಹಿಡಿದು ಹಿಂದಿನ ಮೂಲೆಗೆ ನುಗ್ಗಿದ. ಮೂಟೆಗಳ ಸಾಲಿನ ಆಚೆ ಎರಡು ಪಾದ ಕಂಡವು.

ಉದ್ದಣ್ಣ. ಹಮಾಲಿಗಳಲ್ಲೆಲ್ಲ ಎತ್ತರದವನು, ಎಲ್ಲಿ ಮಲಗಿದರೂ ಕಾಲು ಹೊರಗೇ. ಮಧ್ಯಾಹ್ನ ಜ್ವರ ಬಂದು ನಾಯಿಯ ಚೀಲಗಳ ಮೇಲೆ ಮಲಗಿದ್ದಾನೆ. ಅವನು ಆಗಲೇ ಮನೆಗೆ ಹೋದನೆಂದು ಉಳಿದವರು ತಿಳಿದಿದ್ದಾರೆ. ಬೀಗದಣ್ಣ ಅವನ ಕಂಕುಳಿಗೆ ಕೈ ಕೊಟ್ಟು ಎಳೆದ. ನಡುವೆ ಒಮ್ಮೆ ಉಸಿರೆಳೆದುಕೊಳ್ಳಬೇಕಾಯಿತು, ತಲೆ ಗಿರ್ರೆಂದಿತು. ಹೇಗೋ ಹೊರಗೆ ಎಳೆದು ಹಾಕಿ ದಾರಿಗೆ ಓಡಿ ಕೂಗಿದ. ತಾನು ಎಷ್ಟು ಜೋರಾಗಿ ಕೂಗಿದೆ ಎಂದು ಅವನಿಗೇ ತಿಳಿಯದು. ಬೀದಿಯ ಕೊನೆಯ ಮನೆಯವರೂ ಎದ್ದು ಬಂದರು.

ಬೆಳಗಿನ ಹೊತ್ತಿಗೆ ಉದ್ದಣ್ಣ ಆಸ್ಪತ್ರೆಯ ಹಾಸಿಗೆಯ ಮೇಲೆ ಕಣ್ಣು ಬಿಟ್ಟ. ಜೀವಕ್ಕೆ ಭಯವಿಲ್ಲ ಎಂದರು ವೈದ್ಯರು. ಧಣಿ ಬಂದಿದ್ದರು, ಬೀಗದಣ್ಣನ ಹೆಂಡತಿ ಇದ್ದಳು. ಸುದ್ದಿ ತಿಳಿದು ಗಂಜಿ ತೆಗೆದುಕೊಂಡು ನಾನೂ ಹೋಗಿದ್ದೆ. ಧಣಿ ಬೀಗದಣ್ಣನ ಭುಜ ತಟ್ಟಿದರು.

"ಓಣಿಯಲ್ಲಿದ್ದವನಿಗೆ ಗೋದಾಮಿನ ನರಳಾಟ ಕೇಳಿಸ್ತಲ್ಲಪ್ಪಾ. ಏನು ಕಿವಿ ನಿಂದು."

ಬೀಗದಣ್ಣ ಅವರ ತುಟಿ ನೋಡಿದ. ತಲೆ ತಗ್ಗಿಸಿದ, ಎಂದಿನ ಹಾಗೆ.

ಉದ್ದಣ್ಣನೇ ಮೆಲ್ಲಗೆ ಮಾತಾಡಿದ. ತಾನು ನರಳಲೂ ಇಲ್ಲ, ಕೂಗಲೂ ಇಲ್ಲ, ಅಷ್ಟು ತ್ರಾಣ ಇರಲಿಲ್ಲ ಎಂದ. ಸಂಜೆ ಬೀಗದಣ್ಣ ಕೂಗಿದಾಗ ಮಾತ್ರ, ಇದ್ದೀನಿ ಅಂತ ಉತ್ತರ ಕೊಟ್ಟಿದ್ದನಂತೆ. ಕೇಳಿಸಿಕೊಂಡಿರುತ್ತಾರೆ, ಬಂದು ಎಬ್ಬಿಸುತ್ತಾರೆ ಎಂದು ಹಾಗೇ ಕಣ್ಣು ಮುಚ್ಚಿದನಂತೆ. ಆಮೇಲೆ ಎಚ್ಚರಾದಾಗ ಕತ್ತಲು, ಎದೆ ಹಿಂಡುವ ವಾಸನೆ. ಮತ್ತೆ ಕಣ್ಣು ಎಳೆಯುತ್ತಿತ್ತು.

"ಮಲಗೋಕೆ ಬಿಡಲಿಲ್ಲ ಅದು. ಕಣ್ಣು ಮುಚ್ಚಿದಾಗೆಲ್ಲ ತೋಳು ಕೆರೆದು ಎಬ್ಬಿಸ್ತಿತ್ತು."

"ಯಾವುದು?" ಧಣಿ ಕೇಳಿದರು.

"ತೌಡು. ಪಕ್ಕದಲ್ಲೇ ಮಲಗಿತ್ತಲ್ಲ. ಪಾಪ, ಎಷ್ಟು ಸಣ್ಣ ಆಗಿದೆ." ಉದ್ದಣ್ಣ ತಲೆ ಹೊರಳಿಸಿ ಬೀಗದಣ್ಣನನ್ನು ನೋಡಿದ. "ಬೀಗದಣ್ಣ, ಅದನ್ನೂ ಹೊರಗೆ ತಂದ್ರಿ ತಾನೆ?"

ಬೀಗದಣ್ಣನ ಹೆಂಡತಿ ಎದ್ದು ನಿಂತಿದ್ದಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ, ಆ ಮುಖವನ್ನು ಈಗಲೂ ಮರೆಯಲಾರೆ. ಗಂಡನ ತೋಳು ಹಿಡಿದು, ಅವನಿಗೆ ತುಟಿ ಕಾಣುವ ಹಾಗೆ ಎದುರಿಗೆ ಬಂದು ಕೇಳಿದಳು.

"ತೌಡು ಸಿಕ್ತಾ? ಎಲ್ಲಿದೆ? ನಾನು ಹೋಗಿ ಕರ್ಕೊಂಡು ಬರ್ಲಾ?"

ಬೀಗದಣ್ಣ ಗೋಡೆಗೆ ಒರಗಿದ. ಮೆಲ್ಲಗೆ ಹೇಳಿದ. ಕಿವಿಯ ವಿಷಯ, ಮಣ್ಣಿನ ವಿಷಯ, ಹಲಗೆ ನಡುಗಿದ ವಿಷಯ, ಹಿತ್ತಲ ಗೋಡೆಯ ಆಚೆ ಹೂತದ್ದು, ಎಲ್ಲ. ಯಾರ ಮುಖವನ್ನೂ ನೋಡದೆ ಹೇಳಿದ. ನೋಡಿದ್ದರೆ ನಾವು ಏನು ಅನ್ನುತ್ತಿದ್ದೇವೆ ಎಂದು ಅವನಿಗೆ ತಿಳಿದುಬಿಡುತ್ತಿತ್ತು. ಹೇಳಿ ಮುಗಿದ ಮೇಲೆ ಸೊಂಟದ ಗೊಂಚಲು ಬಿಚ್ಚಿ ಧಣಿಯ ಮುಂದೆ ಹಿಡಿದ. ಅವರು ತೆಗೆದುಕೊಂಡರು. ಹಾಗೇ ಹೊರಗೆ ಹೋದರು.

ಹೆಂಡತಿ ಅವನ ಗದ್ದ ಹಿಡಿದು ಮುಖ ಎತ್ತಿದಳು.

"ಅವತ್ತು ನಡುರಾತ್ರಿ ಎದ್ದು ಕೂತಿದ್ರಲ್ಲ... ಅದಕ್ಕೇನಾ?"

ಅವನು ತಲೆಯಾಡಿಸಿದ.

"ಆಮೇಲೆ ಮಲಗಿದ್ರಲ್ಲ."

ಅವನು ಮತ್ತೆ ತಲೆಯಾಡಿಸಿದ. ಅವಳು ಗದ್ದದಿಂದ ಕೈ ತೆಗೆದಳು. ಇಬ್ಬರೂ ಇವತ್ತಿಗೂ ಒಂದೇ ಮನೆಯಲ್ಲಿದ್ದಾರೆ, ಒಂದೇ ಹೊತ್ತಿಗೆ ಉಣ್ಣುತ್ತಾರೆ. ಅವಳು ಅವನ ಹತ್ತಿರ ಮಾತಾಡುತ್ತಾಳೆ. ಆದರೆ ಎದುರಿಗೆ ಬಂದು ನಿಂತು ಮಾತಾಡುವುದಿಲ್ಲ, ಬೆನ್ನ ಹಿಂದಿನಿಂದ ಮಾತಾಡುತ್ತಾಳೆ. ಅವನು ತಿರುಗಿ ನೋಡುವಷ್ಟರಲ್ಲಿ ಮಾತು ಮುಗಿದಿರುತ್ತದೆ.

ದೆವ್ವ ಎಲ್ಲಿ ಬಂತು, ಅದು ಅವನ ಮನಸ್ಸಿನ ಕಳವಳ ಎಂದು ನನ್ನ ಮನೆಯಲ್ಲೇ ಹೇಳುವವರಿದ್ದಾರೆ. ಉದ್ದಣ್ಣನದು ಜ್ವರದ ಕನವರಿಕೆ ಎನ್ನುತ್ತಾರೆ. ನಾನೂ ಕಾಲೇಜು ಮೆಟ್ಟಿಲು ಹತ್ತಿದವಳು, ಹಾಗೇ ಅಂದುಕೊಂಡು ಎದ್ದು ಬಂದುಬಿಡುತ್ತಿದ್ದೆ. ಆದರೆ ಆ ಬೆಳಗ್ಗೆ ಆಸ್ಪತ್ರೆಯಲ್ಲಿ ಅಷ್ಟು ಹೊತ್ತಿಗೇ ನರ್ಸ್ ಬಂದಳು. ಅವಳಿಗೆ ಅಲ್ಲಿ ನಡೆದ ಮಾತು ಯಾವುದೂ ಗೊತ್ತಿಲ್ಲ. ಮಗ್ಗುಲು ಬದಲಿಸಲು ಉದ್ದಣ್ಣನ ಎಡತೋಳು ಎತ್ತಿದವಳು ಹಾಗೇ ನಿಂತು ಬೆಳಕಿಗೆ ಹಿಡಿದು ನೋಡಿದಳು. ಮೊಣಕೈಯಿಂದ ಮುಂಗೈವರೆಗೆ ಕೆಂಪು ಗೀರುಗಳು, ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ.

"ನಾಯಿ ಪರಚಿದೆ" ಎಂದಳು. "ಬೀದಿ ನಾಯಿನಾ, ಸಾಕಿದ್ದಾ?"

"ಸಾಕಿದ್ದು" ಎಂದ ಉದ್ದಣ್ಣ, ಬಹಳ ಮೆಲ್ಲಗೆ.

ಸಾಕಿದ್ದಾದರೆ ಅಷ್ಟು ಭಯವಿಲ್ಲ, ಸ್ವಲ್ಪ ದಿನ ನಾಯಿಯ ಮೇಲೆ ಕಣ್ಣಿಟ್ಟರೆ ಸಾಕು ಎಂದು ಅವಳು ಗೀರು ಒರೆಸುತ್ತ ಹೇಳಿದಳು. ಆಮೇಲೆ ತಲೆಯೆತ್ತಿ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿದಳು.

"ನಾಯಿ ಈಗ ಬದುಕಿದೆ ತಾನೆ?"

ನಾನು ಅಲ್ಲೇ ಇದ್ದೆ. ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದು ನೋಡಿ, ಹಾಗಿದ್ದರೆ ಹುಚ್ಚುನಾಯಿ ರೋಗದ ಎಲ್ಲ ಸೂಜಿಯನ್ನೂ ಹಾಕಿಸಿಕೊಳ್ಳಲೇಬೇಕು ಎಂದಳು. ಉದ್ದಣ್ಣ ಹಾಕಿಸಿಕೊಂಡ. ನಂಬದವರು ಹೋಗಿ ಅವನ ತೋಳು ನೋಡಬಹುದು.